ರಾಜೀಮತಿಗೆ ಬಂದದ್ದು ನಿಮೋನಿಯಾನೇ

ನನ್ನ ನಾದಿನಿ ರಾಜೀಮತಿಗೆ ಬಂದದ್ದು ನಿಮೋನಿಯ. ಮೊದಲ ಸಾಲಿನಲ್ಲೇ ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಆ ಕಾಲದಲ್ಲಿ ಚನ್ನರಾಯಪಟ್ಟಣದ ಪೇಟೆಬೀದಿಯಲ್ಲಿ ಯಾರಾದರೂ ‘ನಮ್ಮ ಹುಡುಗಿಗೆ ನಿಮೋನಿಯ’ ಎಂದರೆ ಸಾಕು, ಕೇಳಿದವರು ‘ಅಯ್ಯೋ ಪಾಪ’ ಎಂದು ತಲೆಯಾಡಿಸಿ ಎರಡು ಹೆಜ್ಜೆ ಹಿಂದಕ್ಕೆ ಸರಿಯುತ್ತಿದ್ದರು. ಕ್ಷಯದ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೇಳಿದರೆ ಆ ಮನೆಗೆ ಹೆಣ್ಣು ಕೊಡುವವರೂ ಇಲ್ಲ, ಆ ಮನೆಯಿಂದ ತರುವವರೂ ಇಲ್ಲ. ಅದಕ್ಕೇ ಮರ್ಯಾದಸ್ಥರೆಲ್ಲ ಸೇರಿ ಕ್ಷಯಕ್ಕೆ ನಿಮೋನಿಯ ಎಂದು ಹೆಸರಿಟ್ಟುಬಿಟ್ಟಿದ್ದರು. ನಮ್ಮ ಮನೆಯವರೇನು ಕಡಿಮೆಯೇ? ನಮ್ಮತ್ತೆಯ ತಮ್ಮ ಮೈಸೂರಿನ ಸ್ಯಾನಟೋರಿಯಮ್ಮಿನಲ್ಲಿ ಒಂದೂವರೆ ವರ್ಷ ಮಲಗಿದ್ದು ತೀರಿಕೊಂಡಾಗ ಊರಿಗೆಲ್ಲ ನಾವು ಹೇಳಿದ್ದು ನಿಮೋನಿಯ ಎಂದೇ. ಒಂದೂವರೆ ವರ್ಷದ ನಿಮೋನಿಯ! ಯಾರೂ ನಗಲಿಲ್ಲ. ನಗುವವರ ಮನೆಯಲ್ಲೂ ಅಂಥದ್ದೊಂದು ಇರುತ್ತಿತ್ತು.

ಅಂಥ ಊರಿನಲ್ಲಿ ನಿಜವಾಗಿಯೂ ನಿಮೋನಿಯ ಬಂದವಳು ಯಾವ ಹೆಸರು ಹೇಳಬೇಕು? ರಾಜಿಯ ಕಥೆಯೆಲ್ಲ ಇಷ್ಟೇ.

ನಮ್ಮ ಮಾವ ಪದ್ಮಯ್ಯನವರದು ಹಿತ್ತಾಳೆ, ತಾಮ್ರದ ಪಾತ್ರೆಗಳ ಅಂಗಡಿ. ನನ್ನ ಯಜಮಾನರು ಪಾರ್ಶ್ವನಾಥ ಅವರ ಒಬ್ಬನೇ ಮಗ, ರಾಜೀಮತಿ ಒಬ್ಬಳೇ ಮಗಳು. ನಾನು ಸೊಸೆಯಾಗಿ ಆ ಮನೆ ಸೇರಿದ ಹೊಸತರಲ್ಲಿ ಅವಳು ನನ್ನ ಹತ್ತಿರ ಮಾತೇ ಆಡಲಿಲ್ಲ. ಆಮೇಲೆ ಒಂದು ದಿನ ಹೇಳದೆ ಕೇಳದೆ ನನ್ನ ಪೆಟ್ಟಿಗೆ ತೆಗೆದು, ನನ್ನ ಒಳ್ಳೆಯ ಸೀರೆ ಉಟ್ಟುಕೊಂಡು, ಅಪ್ಪನಿಗೆ ಬುತ್ತಿ ಕೊಡಲು ಅಂಗಡಿಗೆ ಹೋದಳು. ಬಂದವಳು, “ಅತ್ತಿಗೆ, ಇದರ ಸೆರಗು ನಿಮಗಿಂತ ನನಗೇ ಒಪ್ಪುತ್ತೆ” ಅಂದಳು. ಕೋಪ ಬರಬೇಕಿತ್ತು, ಬರಲಿಲ್ಲ. ಅಂದಿನಿಂದ ನಾವಿಬ್ಬರೂ ಒಂದೇ.

ಮಾವ ಊಟ ಮಾಡುವ ಹೊತ್ತಿನಲ್ಲಿ ಅಂಗಡಿಯ ಗಲ್ಲಾದ ಹತ್ತಿರ ಅವಳೇ ಕೂರುತ್ತಿದ್ದಳು. ಹಾಗೆ ಕೂತಿದ್ದಾಗಲೇ ಒಂದು ಮಧ್ಯಾಹ್ನ ಹೊಳೆನರಸೀಪುರದ ಹುಡುಗನೊಬ್ಬ ಅಕ್ಕನಿಗೆಂದು ಹಿತ್ತಾಳೆ ಕೊಡ ಕೊಳ್ಳಲು ಬಂದ. ಕೊಡ ಎತ್ತಿ, ಕಿವಿ ಹತ್ತಿರ ಹಿಡಿದು, ಬೆರಳಿನಿಂದ ತಟ್ಟಿ, “ಇದು ಸೀಳಿದೆ” ಅಂದ. ಪಾತ್ರೆ ಕೊಳ್ಳುವವರೆಲ್ಲ ಹಾಗೆ ತಟ್ಟಿ ನೋಡುವವರೇ.

“ಕೊಡ ಸೀಳಿಲ್ಲ. ನಿಮ್ಮ ಉಂಗುರ ತಗುಲಿ ಹಂಗೆ ಸದ್ದು ಬರ್ತಿದೆ. ಉಂಗುರ ತೆಗೆದು ತಟ್ಟಿ ನೋಡಿ” ಅಂದಳು ರಾಜಿ.

ಅವನು ಉಂಗುರ ತೆಗೆದು ತಟ್ಟಿದ. ಕೊಡ ಚೆನ್ನಾಗಿಯೇ ದನಿಗೊಟ್ಟಿತು. ಬೆಪ್ಪನಾದರೂ ನಕ್ಕನಂತೆ. ಅದನ್ನು ರಾಜಿ ನನಗೆ ಎಷ್ಟು ಸಲ ಹೇಳಿದ್ದಾಳೋ ಲೆಕ್ಕವಿಲ್ಲ, ಪ್ರತಿ ಸಲವೂ ಕೊನೆಗೆ “ಬೆಪ್ಪಾದ್ರೂ ನಕ್ಕರು ಅತ್ತಿಗೆ” ಎಂದೇ ಮುಗಿಸುತ್ತಿದ್ದಳು. ಅವನ ಹೆಸರು ಧರಣೇಂದ್ರ. ಶಿವಮೊಗ್ಗದ ಕಡೆ ಅಣೆಕಟ್ಟಿನ ಕೆಲಸದಲ್ಲಿ ಓವರ್‌ಸಿಯರ್. ಮುಂದಿನ ತಿಂಗಳೇ ಅವನ ಹಿರಿಯರು ಹೆಣ್ಣು ಕೇಳಿಕೊಂಡು ಬಂದರು. ನಮ್ಮ ಜನದಲ್ಲಿ ಆಗ ಡಿಪ್ಲೊಮಾ ಓದಿದ ಹುಡುಗ ಸಿಗುವುದೆಂದರೆ ಸುಮ್ಮನೆ ಮಾತಲ್ಲ. ತಾಂಬೂಲ ಬದಲಾಯಿಸಿದೆವು. ಯುಗಾದಿ ಕಳೆದ ಮೇಲೆ ಮದುವೆ ಎಂದು ನಿಶ್ಚಯವಾಯಿತು. ಹುಡುಗ ಕೆಲಸಕ್ಕೆ ವಾಪಸು ಹೋದ.

ಆ ಮೂರ್ನಾಲ್ಕು ತಿಂಗಳು ಅವಳನ್ನು ನೋಡಬೇಕಿತ್ತು. ಕಾಡಿನ ನಡುವೆ ಡೇರೆಯಲ್ಲಿ ಮಲಗುತ್ತಾರಂತೆ, ಜಿಗಣೆಯಂತೆ, ಅಲ್ಲಿ ಮಜ್ಜಿಗೆ ಸಿಗುವುದಿಲ್ಲವಂತೆ. ಇದೆಲ್ಲ ಅವಳಿಗೆ ಯಾರು ಹೇಳಿದರೋ. ಅಂಗಡಿಗೆ ಶಿವಮೊಗ್ಗದ ಕಡೆಯವರು ಯಾರು ಬಂದರೂ ಹಿಡಿದು ಕೂರಿಸಿಕೊಂಡು ಕೇಳುತ್ತಿದ್ದಳು. ಕನ್ನಡಿಯ ಮುಂದೆ ನಿಂತವಳು ಅಲ್ಲೇ ನಿಂತುಬಿಡುತ್ತಿದ್ದಳು. ಸಂಜೆ ಹೊತ್ತು ಮುಳುಗುವ ಮುಂಚೆ ಎಲ್ಲರೂ ಊಟ ಮುಗಿಸುವುದು ನಮ್ಮ ಜೈನರ ಮನೆಗಳ ಪದ್ಧತಿ. ಆಮೇಲೆ ಯಾರೂ ಏನೂ ತಿನ್ನುವುದಿಲ್ಲ. ಊಟವಾದ ಮೇಲೆ ಅವಳು ಹಿತ್ತಲ ಕಟ್ಟೆಯ ಮೇಲೆ ನನ್ನ ಪಕ್ಕ ಕೂತು, “ಅತ್ತಿಗೆ, ಅಣ್ಣ ಊರಿಗೆ ಹೋದಾಗ ನಿಮಗೂ ಹಿಂಗೇ ಆಗ್ತದಾ?” ಎಂದು ಕೇಳುತ್ತಿದ್ದಳು. ನಿಜ ಹೇಳಬೇಕೆಂದರೆ ನನಗೆ ಹಾಗೆ ಎಂದೂ ಆಗಿರಲಿಲ್ಲ. ಆಗುತ್ತದೆ ಎಂದು ಸುಳ್ಳು ಹೇಳಿದೆ. ಅವಳನ್ನು ಕಂಡು ಸ್ವಲ್ಪ ಹೊಟ್ಟೆಕಿಚ್ಚೂ ಆಗುತ್ತಿತ್ತು.

ಐವತ್ತೇಳನೇ ಇಸವಿಯ ಪುಷ್ಯ ಮಾಸ. ಬಸದಿಯಲ್ಲಿ ಬೆಳಗಿನ ಪೂಜೆಗೆ ಒದ್ದೆ ಮಡಿಯಲ್ಲಿ ನಿಂತು ಬಂದವಳು ಮಧ್ಯಾಹ್ನಕ್ಕೆ ನಡುಗತೊಡಗಿದಳು. ಅಂಥ ನಡುಕವನ್ನು ನಾನು ಕಂಡಿರಲಿಲ್ಲ. ಮಂಚ ಕಟಕಟ ಅನ್ನುತ್ತಿತ್ತು, ಮೇಲೆ ಹೊದಿಸಿದ ಕಂಬಳಿಯೆಲ್ಲ ಜಾರಿ ಬೀಳುತ್ತಿತ್ತು. ಆಮೇಲೆ ಜ್ವರ. ಮರುದಿನ ಬಲ ಪಕ್ಕೆಯಲ್ಲಿ ಚುಚ್ಚುವ ನೋವು, ಉಸಿರೆಳೆದುಕೊಂಡರೆ ಕಣ್ಣಲ್ಲಿ ನೀರು. ಉಸಿರು ಮೇಲುಮೇಲಕ್ಕೇ ಆಡುತ್ತಿತ್ತು, ಮೂಗಿನ ಹೊಳ್ಳೆಗಳು ಅರಳಿ ಅರಳಿ ಮುಚ್ಚುತ್ತಿದ್ದವು. ಮೂರನೆಯ ದಿನ ಕೆಮ್ಮಿದಾಗ ಬಂದ ಕಫ ಕೆಮ್ಮಣ್ಣಿನ ಬಣ್ಣದ್ದು. ಅದನ್ನು ನೋಡಿ ನಮ್ಮತ್ತೆ ಗೋಡೆಗೆ ಒರಗಿ ಕೂತರು. ತಮ್ಮನ ಕಫವನ್ನು ನೋಡಿದ್ದ ಹೆಂಗಸು ಆಕೆ.

ಡಾಕ್ಟರ್ ಪಂಚಾಕ್ಷರಯ್ಯನವರನ್ನು ಕರೆಸಿದೆವು. ಪೇಟೆಯ ಕೊನೆಯಲ್ಲಿ ಅವರದು ಸ್ವಂತ ದವಾಖಾನೆ. ನಾಡಿ ನೋಡಿದರು, ಎದೆಗೆ ಕೊಳವೆ ಇಟ್ಟು “ಒಂದು ಎರಡು ಮೂರು ಅನ್ನಮ್ಮ” ಎಂದರು. ಆಮೇಲೆ ಅವಳನ್ನು ಎಬ್ಬಿಸಿ ಕೂರಿಸಿ, ಬೆನ್ನ ಮೇಲೆ ಎಡಗೈ ಬೆರಳನ್ನು ಒತ್ತಿಟ್ಟು, ಬಲಗೈ ಬೆರಳಿನಿಂದ ಅದರ ಮೇಲೆ ತಟ್ಟುತ್ತಾ ಬಂದರು. ಮೇಲುಗಡೆ ಟೊಳ್ಳು ಸದ್ದು. ಬಲಗಡೆ ಕೆಳಕ್ಕೆ ಬಂದಾಗ ಸದ್ದೇ ಸತ್ತುಹೋಯಿತು. ಬಾಗಿಲಲ್ಲಿ ನಿಂತಿದ್ದ ಮಾವ ಕಣ್ಣು ಮುಚ್ಚಿಕೊಂಡರು. ಜನ್ಮವೆಲ್ಲ ಕೊಡ, ಹಂಡೆ ತಟ್ಟಿ ಮಾರಿದವರು. ತುಂಬಿದ ಪಾತ್ರೆಯ ಸದ್ದನ್ನು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

“ನಿಮೋನಿಯ” ಅಂದರು ಡಾಕ್ಟರು. “ಬಲ ಶ್ವಾಸಕೋಶದ ಬುಡ ಗಟ್ಟಿಯಾಗಿದೆ. ವಯಸ್ಸಿನ ಹುಡುಗಿ, ಹೆದರಬೇಡಿ, ವಾಸಿಯಾಗುತ್ತೆ.”

ಮಾವ ಅವರನ್ನು ಜಗಲಿಗೆ ಕರೆದುಕೊಂಡು ಹೋಗಿ ಬಾಗಿಲು ಮುಂದಕ್ಕೆಳೆದರು. ನಾನು ಒಳಗಿಂದಲೇ ಕಿವಿಗೊಟ್ಟೆ.

“ಮಗು ಮುಂದೆ ಹಂಗಂದ್ರಿ, ಸರಿ. ಈಗ ನಂಗೆ ನಿಜ ಹೇಳಿ ಡಾಕ್ಟ್ರೇ.”

“ನಿಜವನ್ನೇ ಹೇಳಿದ್ದು ಪದ್ಮಯ್ಯನೋರೆ.”

“ನಾನು ಗಟ್ಟಿ ಮನುಷ್ಯ. ತಡಕೋತೀನಿ.”

“ಅಯ್ಯೋ ದೇವರೇ! ನಿಮೋನಿಯ ಅಂದ್ರೆ ನಿಮೋನಿಯ ಕಣ್ರೀ!” ಎಂದು ಡಾಕ್ಟರು ರೇಗಿಕೊಂಡೇ ಹೊರಟರು. ಅವರು ರೇಗಿದಷ್ಟೂ ಮಾವನಿಗೆ ಖಾತ್ರಿಯಾಯಿತು. ಒಳಗೆ ಬಂದು ಹೆಂಡತಿಯ ಮುಖ ನೋಡಿ ತಲೆಯಾಡಿಸಿದರು. ರಾಜಿ ಹಾಸಿಗೆಯಿಂದ ಇಬ್ಬರನ್ನೂ ನೋಡುತ್ತಿದ್ದಳು.

ಆಗ ಪೆನ್ಸಿಲಿನ್ ಸೂಜಿಮದ್ದು ನಮ್ಮೂರಿನಲ್ಲಿ ಬೇಕೆಂದಾಗ ಸಿಗುತ್ತಿರಲಿಲ್ಲ. ಡಾಕ್ಟರು ಸಲ್ಫಾ ಮಾತ್ರೆ ಕೊಟ್ಟಿದ್ದರು. ನಾಲ್ಕು ಗಂಟೆಗೊಮ್ಮೆ, ಹಗಲೂ ರಾತ್ರಿ ತಪ್ಪಿಸದೆ, ಜೊತೆಗೆ ಸೋಡಾ ಪುಡಿ ಹಾಕಿದ ನೀರನ್ನು ಚೊಂಬುಗಟ್ಟಲೆ ಕುಡಿಸಬೇಕು ಎಂದು ಒತ್ತಿ ಹೇಳಿದ್ದರು. ರಾತ್ರಿಯ ಮಾತು ಬಂದಾಗ ಅತ್ತೆ ಮಾವನ ಕಡೆ ನೋಡಿದರು. “ಔಷಧಕ್ಕೆ ದೋಷವಿಲ್ಲ, ಕೊಡು” ಎಂದು ಮಾವನೇ ಅಪ್ಪಣೆ ಕೊಟ್ಟರು. ರಾತ್ರಿಯ ಮಾತ್ರೆಯನ್ನು ಅತ್ತೆ ಅವಳ ಕೈಗೆ ಕೊಟ್ಟು, ನೀರಿನ ಲೋಟ ಪಕ್ಕದಲ್ಲಿಡುತ್ತಿದ್ದರು. ಡಬ್ಬಿಯಲ್ಲಿ ಮಾತ್ರೆಗಳು ಲೆಕ್ಕಕ್ಕೆ ಸರಿಯಾಗಿ ಮುಗಿಯುತ್ತಾ ಬಂದವು. ಜ್ವರ ಮಾತ್ರ ಬಿಡಲಿಲ್ಲ. ಸಂಜೆಗೆ ಇಳಿದಂತೆ ಕಂಡು ಆಸೆ ಹುಟ್ಟಿಸುವುದು, ಬೆಳಗಾಗುವಷ್ಟರಲ್ಲಿ ಮೈ ಮತ್ತೆ ಕೆಂಡ. ವಾರವಾದರೂ ಅದೇ ಪಾಡು. ಆಮೇಲೆ ಮೂತ್ರ ಕೆಂಪಗೆ ಹೋಗತೊಡಗಿತು. ಪಂಚಾಕ್ಷರಯ್ಯನವರ ಮುಖ ಸಣ್ಣದಾಯಿತು.

“ಈ ಮಾತ್ರೆಗೆ ಇಷ್ಟು ಹೊತ್ತಿಗೆ ಬಗ್ಗಬೇಕಿತ್ತು. ಹಾಸನಕ್ಕೆ ಕರೆದುಕೊಂಡು ಹೋಗಿ, ಎಕ್ಸ್‌ರೇ ತೆಗೆಸೋಣ” ಅಂದರು.

ಎಕ್ಸ್‌ರೇ! ಅಕ್ಕಿ ಗಿರಣಿಯವರ ಕಾರು ನಮ್ಮ ಬಾಗಿಲಿಗೆ ಬಂದು ನಿಂತಾಗ ಇಡೀ ಬೀದಿ ಜಗಲಿಗೆ ಬಂದು ನಿಂತಿತ್ತು. ಆ ದಿನಗಳಲ್ಲಿ ಎಕ್ಸ್‌ರೇ ತೆಗೆಸುವುದೆಂದರೆ ಒಂದೇ ಅರ್ಥ. ಕಾರು ಹಾಸನ ಮುಟ್ಟುವ ಮುಂಚೆ ಸುದ್ದಿ ಹೊಳೆನರಸೀಪುರ ಮುಟ್ಟಿರಬೇಕು.

ಹಾಸನದ ದೊಡ್ಡಾಸ್ಪತ್ರೆಯಲ್ಲಿ ಅವಳಿಗೆ ಕಿಟಕಿ ಪಕ್ಕದ ಮಂಚ ಕೊಟ್ಟರು. ನಾನೇ ಜೊತೆಗಿದ್ದೆ. ಅಲ್ಲಿನ ಡಾಕ್ಟರು ವಯಸ್ಸಾದವರು, ಕಿವಿ ಸ್ವಲ್ಪ ಮಂದ, ಹಾಗಾಗಿ ಮಾತು ಜೋರು. ಎದೆಯ ಚಿತ್ರವನ್ನು ಬೆಳಕಿಗೆ ಹಿಡಿದು ನನಗೂ ತೋರಿಸಿದರು. ಬಲಗಡೆ ಕೆಳಗೆ, ಮೋಡ ಕಟ್ಟಿದಂತೆ ಬೆಳ್ಳಗೆ ಏನೋ ಇತ್ತು. “ಕ್ಷಯ ಆಗಿದ್ರೆ ಹೆಚ್ಚಾಗಿ ಮೇಲ್ಗಡೆ ಕೂರುತ್ತೆ. ಇದು ಬುಡದಲ್ಲಿದೆ. ಕಫದಲ್ಲೂ ಕ್ಷಯದ ಕ್ರಿಮಿ ಇಲ್ಲ. ಇದು ನಿಮೋನಿಯ” ಎಂದು ವಾರ್ಡಿಗೆಲ್ಲ ಕೇಳುವಂತೆ ಸಾರಿದರು. ಎಷ್ಟು ಒಳ್ಳೆಯ ಮನುಷ್ಯ, ಎಷ್ಟು ಚೆನ್ನಾಗಿ ಸುಳ್ಳು ಹೇಳುತ್ತಾರೆ ಎಂದುಕೊಂಡೆ ನಾನು.

ಆಮೇಲೆ ಅವರು ಮೂತ್ರದ ಸೀಸೆ ನೋಡಿ ರಾಜಿಯನ್ನು ಕೇಳಿದರು, “ನೀರು ಎಷ್ಟು ಕುಡೀತಿದ್ದೆಯಮ್ಮ?”

“ಹಗಲೆಲ್ಲ ಕುಡೀತಿದ್ದೆ.”

“ರಾತ್ರಿ?”

“ಹೊತ್ತು ಮುಳುಗಿದ ಮೇಲೆ ನೀರು ಮುಟ್ಟಲ್ಲ ಅಂತ ನಿಯಮ ಹಿಡಿದಿದ್ದೀನಿ” ಅಂದಳು.

“ಮತ್ತೆ ರಾತ್ರಿ ಮಾತ್ರೆ?”

“ದಿಂಬಿನ ಕೆಳಗೆ ಇಟ್ಕೊಂಡು, ಬೆಳಗ್ಗೆ ಸೂರ್ಯ ಹುಟ್ಟಿದ ಮೇಲೆ ಎಲ್ಲಾ ಒಟ್ಟಿಗೆ ನುಂಗ್ತಿದ್ದೆ. ಒಂದೂ ಬಿಸಾಕಿಲ್ಲ ಸಾರ್” ಅಂದಳು, ಮೆಚ್ಚಿಕೊಳ್ಳುತ್ತಾರೆ ಎಂಬಂತೆ.

ಡಾಕ್ಟರು ಹಣೆ ಹಣೆ ಬಡಿದುಕೊಂಡರು. ರಾತ್ರಿಯಿಡೀ ಮದ್ದಿಲ್ಲದೆ ಬಿಟ್ಟರೆ ಕ್ರಿಮಿ ಮತ್ತೆ ತಲೆ ಎತ್ತುವುದೇ, ಬೆಳಗ್ಗೆ ರಾಶಿ ಮಾತ್ರೆ ಒಟ್ಟಿಗೆ ಬಿದ್ದರೆ ಮೂತ್ರದಲ್ಲಿ ಹರಳು ಕಟ್ಟುವುದೇ ಎಂದು ಬೈದರು. ಬೈದು ಮುಗಿಸಿ ನಕ್ಕುಬಿಟ್ಟರು. “ಸೂಜಿ ಚುಚ್ಚಿಸಿಕೊಂಡರೆ ನಿಯಮ ಮುರಿಯುತ್ತಾ?” ಅಂದರು. ಇಲ್ಲವೆಂದು ಅವಳು ತಲೆಯಾಡಿಸಿದಳು. ಮಾತ್ರೆ ನಿಲ್ಲಿಸಿ, ಹಗಲೂ ರಾತ್ರಿ ಪೆನ್ಸಿಲಿನ್ ಸೂಜಿ ಹಾಕಲು ಬರೆದರು. ಹಗಲಿನಲ್ಲಿ ಎರಡು ಪಾಲು ನೀರು ಕುಡಿಸುವ ಕೆಲಸ ನನ್ನದಾಯಿತು.

ಅವರು ಹೋದ ಮೇಲೆ ನಾನು ಕೇಳಿದೆ, “ಯಾವ ನಿಯಮ ಕಣೇ ಇದು? ನಮ್ಮತ್ತೆ ಸಹ ರಾತ್ರಿ ನೀರು ಕುಡೀತಾರೆ.”

“ಮದುವೆ ಆಗೋವರೆಗೂ ಅಂತ ಬೆಳ್ಗೊಳದ ಬೆಟ್ಟದ ಮೇಲೆ ಅಂದ್ಕೊಂಡೆ ಅತ್ತಿಗೆ. ಅವರು ಆ ಕಾಡಲ್ಲಿ ಕಷ್ಟಪಡ್ತಿರೋವಾಗ ನಾನು ಸುಖವಾಗಿ ಹೆಂಗಿರ್ಲಿ? ಬಾಯಾರಿದಾಗೆಲ್ಲ ಅವರೇ ನೆನಪಾಗ್ತಿದ್ರು.”

ಬೈಯಬೇಕೆಂದು ಬಾಯಿ ತೆಗೆದವಳು ಲೋಟಕ್ಕೆ ನೀರು ಬಗ್ಗಿಸಿ ಕೊಟ್ಟೆ. ಅವಳ ತುಟಿ ಒಡೆದು ಕಪ್ಪಾಗಿತ್ತು.

ಮರುದಿನ ಮಧ್ಯಾಹ್ನ ಧರಣೇಂದ್ರ ಬಂದ. ಸೂಜಿ ಶುರುವಾಗಿ ಒಂದೇ ದಿನವಾಗಿತ್ತು, ಜ್ವರ ಇನ್ನೂ ಬಿಟ್ಟಿರಲಿಲ್ಲ. ಅವಳು ಕೆಮ್ಮುವಾಗ ಪಕ್ಕೆ ಕಿತ್ತುಬರದಂತೆ ನಾನು ದಿಂಬನ್ನು ಅವಳ ಬಲ ಪಕ್ಕೆಗೆ ಒತ್ತಿ ಹಿಡಿದಿದ್ದೆ. ಕೆಮ್ಮಿ ತಲೆ ಎತ್ತಿದವಳು ಬಾಗಿಲ ಕಡೆ ನೋಡಿ ಹಾಗೇ ಉಳಿದಳು. ಬಾಗಿಲಲ್ಲಿ ಅವನು ನಿಂತಿದ್ದ. ಪ್ಯಾಂಟಿನ ತುಂಬ ಕೆಂಪು ಧೂಳು, ಕೈಯಲ್ಲಿ ಕಿತ್ತಳೆಯ ಚೀಲ. ಡಾಕ್ಟರು ಅವನ ಪಕ್ಕದಲ್ಲೇ ಇದ್ದರು. ಯಾರೆಂದು ಕೇಳಿ ತಿಳಿದು, ಎಂದಿನ ಜೋರು ದನಿಯಲ್ಲಿ, “ನಿಮೋನಿಯ ಕಣಪ್ಪಾ, ಬೇರೆ ಏನಿಲ್ಲ, ವಾಸಿಯಾಗುತ್ತೆ. ಹೋಗು, ಒಳಗೆ ಹೋಗಿ ಮಾತಾಡಿಸು” ಎಂದರು.

ಅವನು ಒಂದು ಹೆಜ್ಜೆ ಇಟ್ಟ. ರಾಜಿ ಅಂಗೈ ಮುಂದೆ ಚಾಚಿ ಕೈ ಎತ್ತಿದಳು. ಬರಬೇಡಿ ಎಂದು.

ಅವನು ನಿಂತ. ಅವಳು ಕೈ ಇಳಿಸಲಿಲ್ಲ. ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ನಾನು ನೋಡಿದಾಗ ಬಾಗಿಲಲ್ಲಿ ಯಾರೂ ಇರಲಿಲ್ಲ. ಕಿತ್ತಳೆಯ ಚೀಲವನ್ನು ವಾರ್ಡಿನ ಆಯಾ ಮಾದಮ್ಮ ತಂದಿಟ್ಟಳು. “ಯಾರವ್ವಾ ಆವಯ್ಯ? ಮಕ ಸಪ್ಗೆ ಮಾಡ್ಕಂಡು ಒಂಟೋದ್ರು” ಅಂದಳು.

“ಯಾಕೆ ತಡೆದೆ?” ಎಂದು ನಾನು ರೇಗಿದೆ.

“ಡಾಕ್ಟ್ರು ಸುಳ್ಳು ಹೇಳ್ತಾರೆ ಅತ್ತಿಗೆ. ಅವ್ವನ ತಮ್ಮ ಮಾವಯ್ಯಂಗೂ ಹಿಂಗೇ ಅಲ್ವಾ ಹೇಳಿದ್ದು, ನಿಮೋನಿಯ ಅಂತ? ಅವರಿಗೆ ಅಂಟಬಾರದು” ಅಂದಳು. ಅಂದು ಸಂಜೆಯವರೆಗೆ ಅವಳ ಕಣ್ಣು ಬಾಗಿಲ ಮೇಲೇ ಇತ್ತು. ತಡೆದವಳು ಅವಳೇ, ಮತ್ತೆ ಬಂದಾನೆಂದು ಕಾದವಳೂ ಅವಳೇ.

ಅದರ ಮರುದಿನ ಬೆವರು ಸುರಿದು ಜ್ವರ ಬಿಟ್ಟಿತು. ಬಿಟ್ಟದ್ದು ಮತ್ತೆ ಬರಲಿಲ್ಲ. ಪಕ್ಕೆಯ ನೋವು ಇಳಿಯಿತು, ಹಸಿವು ಹುಟ್ಟಿತು. ಊರಿಗೆ ಹೋಗುವ ಮುಂಚೆ ತೆಗೆದ ಇನ್ನೊಂದು ಚಿತ್ರದಲ್ಲಿ ಆ ಬಿಳಿ ಮೋಡ ಮುಕ್ಕಾಲು ಪಾಲು ಕರಗಿತ್ತು. “ಕ್ಷಯ ಹಿಂಗೆ ಓಡಿಹೋಗುತ್ತೇನಮ್ಮಾ?” ಎಂದು ಡಾಕ್ಟರು ಕೇಳಿದಾಗ ರಾಜಿ ಅವರ ಮುಖವನ್ನು ಬಾಯಿಬಿಟ್ಟುಕೊಂಡು ನೋಡಿದಳು. ಆಮೇಲೆ ನನ್ನ ತೋಳು ಹಿಡಿದು ಅಲ್ಲಾಡಿಸಿದಳು. “ನಿಜ ಕಣತ್ತಿಗೆ! ನಿಮೋನಿಯ ಅಂತೆ! ನಿಜವಾಗ್ಲೂ ನಿಮೋನಿಯ! ಬೇಗ ಅವರಿಗೆ ಹೇಳಿ ಕಳಿಸಿ!”

ಹೇಳಿ ಕಳಿಸಿದೆವು. ಅದೇ ಎಡವಟ್ಟಾಯಿತು. ಹೊಳೆನರಸೀಪುರದ ಬೀಗರಿಗೆ ಒಬ್ಬರು ಹೋಗಿ ‘ಬರೀ ನಿಮೋನಿಯ’ ಎಂದರು, ಇನ್ನೊಬ್ಬರು ಹೋಗಿ ‘ಆಣೆ ಮಾಡಿ ಹೇಳ್ತೀವಿ, ನಿಮೋನಿಯ’ ಎಂದರು. ಹೇಳಿದಷ್ಟೂ ಅವರು ಹಿಂದೆ ಸರಿದರು. ಕೊನೆಗೆ ನನ್ನ ಯಜಮಾನರು ಎರಡೂ ಎದೆಚಿತ್ರಗಳನ್ನು ಸುರುಳಿ ಸುತ್ತಿಕೊಂಡು ತಾವೇ ಹೋದರು. ಹುಡುಗ ಅಷ್ಟರಲ್ಲಿ ಕೆಲಸಕ್ಕೆ ವಾಪಸು ಹೋಗಿದ್ದ. ಅವನ ತಂದೆ ಚಿತ್ರವನ್ನು ತಲೆಕೆಳಗಾಗಿ ಹಿಡಿದು ನೋಡಿ, “ಏನೂ ಇಲ್ಲದ ಮೇಲೆ ಎದೆಯೊಳಗಿನ ಫೋಟೋ ಯಾಕಪ್ಪಾ ತೆಗೆಸ್ತಾರೆ? ನಿಮ್ಮ ಸೋದರಮಾವನಿಗೂ ನಿಮೋನಿಯಾನೇ ಅಲ್ವಾ ಆಗಿದ್ದು?” ಅಂದರಂತೆ. ನಾವೇ ಊರಿಗೆಲ್ಲ ಸಾರಿದ ಸುಳ್ಳು ನಮ್ಮ ಬಾಯಿಗೇ ಬಂದು ಅಡ್ಡ ಕೂತಿತ್ತು. ಸಂಬಂಧ ಮುರಿಯಿತು.

ಧರಣೇಂದ್ರನನ್ನು ನಾನು ಬೈದಷ್ಟು ಬೇರೆ ಯಾರನ್ನೂ ಬೈದಿಲ್ಲ. ಜ್ವರದ ಹುಡುಗಿ ಒಂದು ಕೈ ಎತ್ತಿದ್ದಕ್ಕೆ ಹೆದರಿ ಓಡಿದ ಅವನೂ ಒಬ್ಬ ಗಂಡಸೇ? ಅಣೆಕಟ್ಟು ಕಟ್ಟುತ್ತಾನಂತೆ! ಮನೆಯಲ್ಲಿ ಎಲ್ಲರೂ ನನ್ನ ಜೊತೆ ಸೇರಿ ಬೈಯುತ್ತಿದ್ದರು. ರಾಜಿ ಮಾತ್ರ, “ಹೆದರಿದ್ರು ಪಾಪ. ಯಾರಿಗೆ ಹೆದರಿಕೆ ಆಗಲ್ಲ?” ಎಂದು ಎದ್ದು ಹೋಗುತ್ತಿದ್ದಳು. ಎರಡು ಕಡೆಯಿಂದ ಬೇರೆ ಸಂಬಂಧ ಬಂದವು, ಕಾಯಿಲೆಯ ಸುದ್ದಿ ತಿಳಿದೂ ಕೇಳಿಕೊಂಡು ಬಂದವರು. ಅವಳು ಒಲ್ಲೆ ಅಂದಳು.

ನಿಯಮವನ್ನು ಇನ್ನೂ ಯಾಕೆ ಹಿಡಿದಿದ್ದೀಯೆಂದು ಅತ್ತೆ ಕೇಳಿದರೆ, “ಮದುವೆ ಆಗೋವರೆಗೂ ಅಂತ ಅಂದಿದ್ದೀನವ್ವ” ಅನ್ನುತ್ತಿದ್ದಳು. ಬೇಸಿಗೆಯಲ್ಲಿ ನಾಲಿಗೆ ಒಣಗಿ ಅಂಟಿಕೊಂಡರೂ ರಾತ್ರಿ ನೀರು ಮುಟ್ಟಲಿಲ್ಲ. ಮುಂದಿನ ವರ್ಷ ಧರಣೇಂದ್ರನ ಮದುವೆ ಬೇರೆ ಕಡೆ ಆಯಿತು. ಆ ದಿನ ದೀಪ ಹಚ್ಚಿದ ಮೇಲೆ ಅವಳು ಅಡುಗೆಮನೆಗೆ ಬಂದು, ನನ್ನ ಎದುರಿಗೇ ಒಂದು ಚೊಂಬು ನೀರನ್ನು ನಿಂತ ನಿಲುವಿನಲ್ಲೇ ಕುಡಿದಳು. “ಅವರ ಮದುವೆ ಆಯ್ತಲ್ಲ” ಅಂದಳು. ನಾನು ಒಲೆಯ ಕಡೆ ತಿರುಗಿ ಅತ್ತುಬಿಟ್ಟೆ. ಅವಳು ಅಳಲಿಲ್ಲ.

ಆಮೇಲಿನ ವರ್ಷಗಳಲ್ಲಿ ಅವಳು ಅಂಗಡಿಯಲ್ಲೇ ಪೂರ್ತಿಯಾಗಿ ಕೂತಳು. ವ್ಯಾಪಾರದಲ್ಲಿ ಅಣ್ಣನಿಗಿಂತ ಜೋರು. ಇನ್ನೊಂದು ಹುಚ್ಚೂ ಹಿಡಿಯಿತು. ಬೀದಿಯಲ್ಲಿ ಯಾರಿಗೆ ಚಳಿಜ್ವರ, ಪಕ್ಕೆನೋವು ಎಂದರೂ ಹೋಗಿ, ಹೊಳ್ಳೆ ಅರಳುತ್ತಿದೆಯೇ, ಕಫ ಯಾವ ಬಣ್ಣ ಎಂದು ನೋಡಿ, ಡಾಕ್ಟರ ಹತ್ತಿರ ಎಳೆದುಕೊಂಡು ಹೋಗುವಳು. ರಾತ್ರಿ ಮಾತ್ರೆ ನುಂಗುವುದನ್ನು ಕಣ್ಣಾರೆ ನೋಡಿಯೇ ಬರುವಳು. ಯಾರ ಮನೆಯಲ್ಲಾದರೂ ತಿಂಗಳುಗಟ್ಟಲೆ ಕೆಮ್ಮುವವರನ್ನು ಒಳಗೆ ಮಲಗಿಸಿ ‘ನಿಮೋನಿಯ’ ಎಂದರೆ ಮಾತ್ರ ಸಿಟ್ಟು ನೆತ್ತಿಗೇರುವುದು. “ಟೀಬಿ ಆದ್ರೆ ಟೀಬಿ ಅನ್ನಿ. ಅದಕ್ಕೂ ಈಗ ಮದ್ದಿದೆ. ನಿಮೋನಿಯದ ಹೆಸರು ಯಾಕೆ ಕೆಡಿಸ್ತೀರಿ?” ಎಂದು ನಡುಬೀದಿಯಲ್ಲೇ ಜಗಳಕ್ಕೆ ನಿಲ್ಲುವಳು. ಜನ ಅವಳನ್ನು ಬೆನ್ನ ಹಿಂದೆ ‘ನಿಮೋನಿಯದಮ್ಮ’ ಎಂದು ಕರೆದರು. ಅವಳಿಗೆ ಗೊತ್ತಿತ್ತು, ಬೇಜಾರೇನೂ ಮಾಡಿಕೊಳ್ಳಲಿಲ್ಲ.

ಅರವತ್ತನಾಲ್ಕರಲ್ಲಿ ಅರಕಲಗೂಡಿನಲ್ಲಿ ನಮ್ಮ ಕಡೆಯವರ ಮದುವೆ. ನಾನೂ ಅವಳೂ ಹೋಗಿದ್ದೆವು. ಮಧ್ಯಾಹ್ನದ ಊಟ ಮುಗಿಸಿ ಚಪ್ಪರದ ಕೆಳಗೆ ಕೂತಿದ್ದಾಗ ಧರಣೇಂದ್ರ ನಮ್ಮ ಕಡೆಗೇ ಬಂದ. ತಲೆ ಮುಂದುಗಡೆ ಬೋಳಾಗಿತ್ತು. ದೂರದಲ್ಲಿ ಅವನ ಹೆಂಡತಿ ಮಗುವಿಗೆ ತಲೆ ಬಾಚುತ್ತಿದ್ದಳು. ಏಳು ವರ್ಷ ಬೈದು ಬೈದು ಸಿದ್ಧವಾಗಿಟ್ಟುಕೊಂಡಿದ್ದ ಮಾತುಗಳೆಲ್ಲ ನನ್ನ ನಾಲಿಗೆಯ ತುದಿಗೆ ಬಂದವು.

“ಚೆನ್ನಾಗಿದ್ದೀರಾ?” ಎಂದು ಅವನು ರಾಜಿಯನ್ನು ಕೇಳಿದ.

“ನನಗೆ ಆಗಿದ್ದು ನಿಮೋನಿಯಾನೇ” ಅಂದಳು ರಾಜಿ. ಅವನ ಕುಶಲವನ್ನೂ ಕೇಳಲಿಲ್ಲ, ನಮಸ್ಕಾರವನ್ನೂ ಮಾಡಲಿಲ್ಲ.

“ಗೊತ್ತಲ್ಲ” ಅಂದ ಅವನು, ಆಶ್ಚರ್ಯದಿಂದ. “ಅವತ್ತೇ ಡಾಕ್ಟ್ರು ಹೇಳಿದ್ರಲ್ಲ, ನಿಮ್ಮೆದುರಿಗೇ. ನಮ್ಮ ಕ್ಯಾಂಪಲ್ಲಿ ಮಳೆಗಾಲ ಬಂತು ಅಂದ್ರೆ ಎಷ್ಟು ಜನಕ್ಕೆ ಆಗ್ತಿತ್ತು. ನನಗೇ ಒಂದ್ಸಲ ಆಗಿತ್ತು. ಸೂಜಿ ಹಾಕ್ಸಿಕೊಂಡು ಹತ್ತು ದಿನಕ್ಕೆ ಎದ್ದೆ.”

“ಮತ್ತೆ ಯಾಕ್ರೀ ಬಾಗಿಲಿಂದಾಚೆಗೇ ಓಡಿಹೋದ್ರಿ?” ಎಂದು ನಾನೇ ಕೇಳಿಬಿಟ್ಟೆ.

ಅವನು ನನ್ನನ್ನು ನೋಡಲಿಲ್ಲ. ರಾಜಿಯನ್ನೇ ನೋಡುತ್ತಾ, ಮೆಲ್ಲಗೆ ಹೇಳಿದ. “ಸುದ್ದಿ ಕೇಳಿದ ತಕ್ಷಣ ಸಿಕ್ಕಿದ ಲಾರಿ ಹತ್ಕೊಂಡು ಬಂದಿದ್ದೆ, ಅಪ್ಪನಿಗೂ ಹೇಳಿರಲಿಲ್ಲ. ಕಾಯಿಲೆ ದೊಡ್ಡದಲ್ಲ ಅಂತ ಡಾಕ್ಟ್ರು ಹೇಳಿದಾಗ ಎಷ್ಟು ಸಂತೋಷ ಆಯ್ತು ಗೊತ್ತಾ? ಒಳಗೆ ಬರ್ತಿದ್ದೆ. ನೀವು ಕೈ ಎತ್ತಿದ್ರಿ. ಮುಖ ಆ ಕಡೆ ತಿರುಗಿಸ್ಕೊಂಡ್ರಿ. ಅಂಟೋ ಕಾಯಿಲೆ ಆಗಿದ್ರೆ, ನನ್ನ ಒಳ್ಳೇದಕ್ಕೆ ತಡೀತಿದ್ದಾರೆ ಅಂದ್ಕೋಬಹುದಿತ್ತು. ಬರೀ ನಿಮೋನಿಯಕ್ಕೆ ಯಾರು ತಡೀತಾರೆ? ನಾನೇ ಬೇಡವಾದೆ ಅಂದ್ಕೊಂಡೆ. ಆಮೇಲೆ ಅಪ್ಪ ಈ ಸಂಬಂಧ ಬಿಟ್ಟೆವು ಅಂದಾಗ ನಾನು ಜಗಳ ಆಡಲಿಲ್ಲ. ನಿಮಗೇ ಇಷ್ಟ ಇಲ್ಲದ ಮೇಲೆ ಯಾಕೆ ಅಂತ.”

ಅಷ್ಟರಲ್ಲಿ ಆ ಮಗು ಓಡಿಬಂದು ಅವನ ಪಂಚೆ ಹಿಡಿದು ಜಗ್ಗಿತು. ಅವನು ಅದನ್ನು ಎತ್ತಿಕೊಂಡ. “ಬರ್ತೀನಿ” ಎಂದು ಇಬ್ಬರಿಗೂ ತಲೆಬಾಗಿ ಹೋದ.

ಸಂಜೆಯ ಬಸ್ಸಿಗೆ ಹೊರಟೆವು. ಅರಕಲಗೂಡು ಬಿಟ್ಟು ಬಹಳ ದೂರ ಬಂದ ಮೇಲೆ ಅವಳು ಒಂದೇ ಮಾತನ್ನು ಶುರುಮಾಡಿದಳು.

“ನಂಬಿದ್ರಂತೆ ಅತ್ತಿಗೆ.”

“ಹೂಂ ಕಣೆ.”

“ಇಡೀ ಜಿಲ್ಲೇಲಿ ಯಾರೂ ನಂಬಲಿಲ್ಲ. ಅಪ್ಪ ನಂಬಲಿಲ್ಲ, ಅವ್ವ ನಂಬಲಿಲ್ಲ. ಅವರೊಬ್ರು ನಂಬಿದ್ರು.” ಕಿಟಕಿಯ ಕಡೆ ತಿರುಗಿ, “ನಾನೇ ನಂಬಲಿಲ್ಲ” ಅಂದಳು.

ನಾನು ಅವಳ ಕೈ ಹಿಡಿದುಕೊಂಡೆ. ಹೊಳೆನರಸೀಪುರದ ನಿಲ್ದಾಣದಲ್ಲಿ ಬಸ್ಸು ನಿಂತಿತು, ಜನ ಇಳಿಯತೊಡಗಿದರು. ಅವಳು ನನ್ನ ಕೈ ಬಿಡಿಸಿಕೊಂಡು ಎದ್ದು, ಸೆರಗು ಸರಿಮಾಡಿಕೊಂಡು, ಬಾಗಿಲವರೆಗೂ ನಡೆದುಹೋದಳು.

“ಇಳಿಯೋರೇನಮ್ಮಾ?” ಎಂದು ಕಂಡಕ್ಟರು ಕೇಳಿದ.

ಅವಳು ಬಾಗಿಲ ಕಂಬಿ ಹಿಡಿದು ಆ ಊರಿನ ಬೀದಿಯನ್ನು ನೋಡುತ್ತಾ ನಿಂತಿದ್ದಳು. “ಇಲ್ಲಪ್ಪ, ಚನ್ನರಾಯಪಟ್ಟಣಕ್ಕೆ” ಎಂದು ನಾನು ಹಿಂದಿನಿಂದ ಕೂಗಿ ಹೇಳಿದೆ.